ಸ್ಟೆಲ್ಲಾ ಟೀಚರ್ ಮತ್ತು ಎರಡು ಗಂಟೆಯ ದುಬೈ

ಕಳೆದ ತಿಂಗಳು ನಾನೊಂದು ವಿಮಾನವನ್ನು ಒಂದೂವರೆ ಗಂಟೆ ಕಾಲ ಕಾಣೆ ಮಾಡಿಬಿಟ್ಟೆ. (ಗಾಬರಿ ಬೇಡ, ಪೈಲಟ್‌ಗೂ ಈ ವಿಷಯ ಗೊತ್ತಿಲ್ಲ.)

ಫಳ್ನೀರಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರು ಮನೆಯವರು ಸ್ಟೆಲ್ಲಾ ಟೀಚರ್. ಗಣಿತ ಕಲಿಸಿ ರಿಟೈರ್ ಆದವರು. ಮಗಳು ದುಬೈಯಲ್ಲಿ ನರ್ಸ್, ತುಂಬು ಗರ್ಭಿಣಿ. ಬಾಣಂತನಕ್ಕೆ ಹೊರಟ ಟೀಚರಿಗೆ ಇದೇ ಮೊದಲ ವಿಮಾನ. ಗಂಡ ರಾಬರ್ಟ್ ಅವರು ‘ನಾನು ನೆಲದ ಮೇಲೆಯೇ ಇರ್ತೇನೆ’ ಎಂದು ಜಾರಿಕೊಂಡಿದ್ದರು.

ಟೀಚರ್ ಟಿಕೆಟ್ ಹಿಡಿದು ನನ್ನ ಬಳಿ ಬಂದರು. “ಎಷ್ಟು ಹೊತ್ತಿನ ದಾರಿ ಉಂಟು ನೋಡು ಮಾರಾಯ್ತಿ. ನನಗೆ ಹೆದರಿಕೆ.”

ನೋಡಿದೆ. ಹೊರಡುವುದು ಬೆಳಿಗ್ಗೆ ಒಂಬತ್ತಕ್ಕೆ, ತಲುಪುವುದು ಹನ್ನೊಂದಕ್ಕೆ.

“ಬರೀ ಎರಡು ಗಂಟೆ ಟೀಚರ್!”

ಎರಡು ಸಲ ದೆಹಲಿಗೆ ಹಾರಿ ಬಂದವಳ ಗತ್ತು ನನ್ನದು. ಟಿಕೆಟಿನಲ್ಲಿ ಆಯಾ ಊರಿನ ಸಮಯ ಹಾಕಿರುತ್ತಾರೆ, ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಎಂಬುದೆಲ್ಲ ಆಗ ತಲೆಗೆ ಹೊಳೆದರೆ ತಾನೆ?

ವಿಮಾನ ಹತ್ತಿದ ಟೀಚರ್ ವಾಚ್ ನೋಡುತ್ತಲೇ ಕೂತರಂತೆ. ಹನ್ನೊಂದಾಯಿತು. ಕೆಳಗೆ ಸಮುದ್ರ. ಹನ್ನೊಂದೂವರೆ. ಇನ್ನೂ ಸಮುದ್ರ! ಪೈಲಟ್‌ಗೆ ದಾರಿ ತಪ್ಪಿದೆ, ಬಾಯಿ ಬಿಡುತ್ತಿಲ್ಲ ಅಷ್ಟೆ ಎಂದು ಅವರಿಗೆ ಖಾತ್ರಿಯಾಯಿತು. ಜಪಮಾಲೆ ತೆಗೆದು ಕೊಂಕಣಿಯಲ್ಲಿ ಪ್ರಾರ್ಥನೆ ಶುರು ಮಾಡಿದರು. ಪಿಸುದನಿಯಲ್ಲಲ್ಲ, ಕೊನೆಯ ಬೆಂಚಿಗೂ ಕೇಳುವ ಕ್ಲಾಸ್‌ರೂಮ್ ದನಿಯಲ್ಲಿ. ಹಿಂದಿನ ಸಾಲಿನ ಇಬ್ಬರು ಹೆಂಗಸರು, ಏನೋ ಆಗಿರಬೇಕು ಎಂದು ತಾವೂ ದನಿಗೂಡಿಸಿದರು. ಗಗನಸಖಿ ಓಡಿ ಬಂದಳು.

ಪಕ್ಕದ ಸೀಟಿನಲ್ಲಿದ್ದದ್ದು ದುಬೈಯಲ್ಲಿ ಅಂಗಡಿ ಇಟ್ಟುಕೊಂಡಿರುವ ಕಾವೂರಿನವರೊಬ್ಬರು. “ಎಂತ ಆಯ್ತು ಅಕ್ಕ?”

“ಎರಡು ಗಂಟೆ ಆಗಿಹೋಯ್ತು. ಮಗಳ ಮುಖ ನೋಡ್ಲಿಕ್ಕೆ ಇನ್ನು ನನಗೆ ಸಿಗುದಿಲ್ಲ.” ಅಷ್ಟು ಹೇಳಿ ಅತ್ತೇಬಿಟ್ಟರಂತೆ.

“ಅಯ್ಯೋ, ಮೂರೂವರೆ ಗಂಟೆ ಉಂಟಲ್ವಾ! ಎರಡು ಅಂತ ಯಾರು ಹೇಳಿದ್ದು ನಿಮಗೆ?”

ಆ ಪುಣ್ಯಾತ್ಮರೇ ಟೀಚರ ವಾಚಿನ ಮುಳ್ಳು ಹಿಂದೆ ತಿರುಗಿಸಿಕೊಟ್ಟು, ಇಳಿಯುವವರೆಗೂ ಮಾತಾಡಿಸುತ್ತಾ ಕೂತರಂತೆ.

ತಲುಪಿದ ಕೂಡಲೇ ನನಗೆ ಫೋನ್. “ಮೂವತ್ತೈದು ವರ್ಷ ಮಕ್ಕಳಿಗೆ ಕಾಲ, ವೇಗ, ದೂರದ ಲೆಕ್ಕ ಹೇಳಿಕೊಟ್ಟೆ. ಕಡೆಗೆ ನಿನ್ನನ್ನು ನಂಬಿದೆನಲ್ಲ!”

ಆ ಹೆದರಿಕೆಯಲ್ಲಿ ಅವರಿಗೇನಾದರೂ ಆಗಿದ್ದರೆ? ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಮರುವಾರ ಹೆಣ್ಣು ಮಗು ಹುಟ್ಟಿತು. ಅಲ್ಲಿ ಬುಧವಾರ ರಾತ್ರಿ ಹನ್ನೊಂದೂವರೆ. ಇಲ್ಲಿ ಆಗಲೇ ಗುರುವಾರ. ಬೆಳಗಾಗುತ್ತಲೇ ರಾಬರ್ಟ್ ಅವರು ಕ್ಯಾಲೆಂಡರಿನಲ್ಲಿ ಗುರುವಾರದ ಸುತ್ತ ಕೆಂಪು ಗೆರೆ ಎಳೆದು, ಇಡೀ ಅಪಾರ್ಟ್‌ಮೆಂಟಿಗೆ ಸ್ವೀಟ್ ಹಂಚಿದರು. ಮಗಳು ಬುಧವಾರ ಎಂದರೂ ಕೇಳುತ್ತಿಲ್ಲ. “ನನ್ನ ಗಡಿಯಾರದಲ್ಲಿ ಗುರುವಾರವೇ. ಬರ್ತ್‌ಡೇ ಅವತ್ತೇ!”

ಒಂದೂವರೆ ಗಂಟೆ ತಪ್ಪಿದ ನನಗೆ ಅಷ್ಟು ಬೈಗುಳ. ಮೊಮ್ಮಗಳನ್ನು ಒಂದು ದಿನ ತಡವಾಗಿ ಹುಟ್ಟಿಸಿದ ಈ ಅಜ್ಜನಿಗೆ ಬೈಯುವವರು ಯಾರು?