ಪಟ್ಟಿ ಕಾಗದದ ಮಿಸ್

ಬೆಳಗ್ಗೆ ಆರೂಕಾಲು. ಬೈಂಡಿಂಗ್ ಅಂಗಡಿಯ ಶಟರ್ ಅರ್ಧ ಮಾತ್ರ ಮೇಲೆ ಹೋಗಿದೆ. ಬಗ್ಗಿ ಒಳಹೋದರೆ, ಕಟಿಂಗ್ ಮೆಷಿನ್ ಪಕ್ಕ ಒಬ್ಬ ಹೆಂಗಸು ಮಂಡಿಯೂರಿ ಕೂತು ಕಾಗದದ ಚೂರು ಆರಿಸುತ್ತಿದ್ದಾರೆ. ಸುಕ್ಕಾದದ್ದು ಬೇಡ, ಗೋಂದು ತಾಗಿದ್ದು ಬೇಡ. ನಾಲ್ಕು ಬೆರಳಗಲ, ಮೊಳದುದ್ದದ ಪಟ್ಟಿಗಳನ್ನಷ್ಟೇ ತೊಡೆಯ ಮೇಲೆ ಜೋಡಿಸಿ ದಾರ ಕಟ್ಟುತ್ತಾರೆ. "ಬ್ಲೇಡ್ ಹತ್ರ ಕೈ ಇಡ್ಬೇಡಿ" ಎಂದು ನನಗೆ ಹೇಳಿ, ತಾವು ಅಲ್ಲೇ ಕೈ ಇಡುತ್ತಾರೆ.

ಪುಸ್ತಕದ ಅಂಚು ಸವರಿದಾಗ ಉದುರುವ ಈ ಕಾಗದ ವಾರಕ್ಕೆರಡು ಸಲ ಹತ್ತಿರದ ಶಾಲೆಗೆ ಹೋಗುತ್ತದೆ. ಆರು, ಏಳು, ಎಂಟನೇ ತರಗತಿ ಸೇರಿ ನೂರಹನ್ನೆರಡು ಮಕ್ಕಳು. ಅವರಿಗೆ ಚಿತ್ರ, ಮಣ್ಣಿನ ಗೊಂಬೆ, ಕಾಗದ ಮಡಿಚುವುದು ಎಲ್ಲ ಕಲಿಸುವವರು ಇವರೇ, ಸಂಬಳವಿಲ್ಲದೆ, ಒಂಬತ್ತು ವರ್ಷದಿಂದ. ಮಕ್ಕಳ ಬಾಯಲ್ಲಿ ಇವರು 'ಪಟ್ಟಿ ಮಿಸ್'. ಹಾಜರಿ ಪುಸ್ತಕದಲ್ಲಿ ಇವರು ಯಾರೂ ಅಲ್ಲ.

ಶುರುವಾದದ್ದು ಪೋಷಕರ ಸಭೆಯೊಂದರಲ್ಲಿ. ಆಗ ಇವರ ಮಗಳು ಅದೇ ಶಾಲೆಯಲ್ಲಿ ಆರನೇ ತರಗತಿ. ಚಿತ್ರಕಲಾ ಶಿಕ್ಷಕರು ನಿವೃತ್ತರಾಗಿ ವರ್ಷ ಕಳೆದರೂ ಬೇರೆಯವರು ಯಾಕೆ ಬಂದಿಲ್ಲ ಎಂದು ಇವರು ಎದ್ದುನಿಂತು ಕೇಳಿದರು. "ಹೆಡ್ಮಾಸ್ಟರು, ನೀವೇ ಬಂದು ಮಾಡಬಹುದಲ್ಲ ಅಂದ್ರು. ಬಾಯಿಬಿಟ್ಟಿದ್ದೇ ತಪ್ಪಾಯ್ತು ನೋಡಿ. ಅಂಗಡಿಗಳ ಬೋರ್ಡ್ ಬರೀತಿದ್ದೆ ಅಂತ ಅವರಿಗೆ ಗೊತ್ತಿತ್ತು." ಕೈಬರಹದ ಬೋರ್ಡುಗಳ ಕಾಲ ಮುಗಿದ ಮೇಲೆ ಅವರು ಬೈಂಡಿಂಗ್‌ಗೆ ಬಂದರು. ಮಗಳು ಈಗ ಕಾಲೇಜು ಮುಗಿಸುತ್ತಿದ್ದಾಳೆ. "ಅಮ್ಮ, ನಿನ್ನ ಅಲ್ಲಿ ಯಾರು ಕರೀತಾರೆ, ಯಾಕೆ ಮೇಲೆ ಬಿದ್ದು ಹೋಗ್ತೀಯ?" ಎಂದು ಅವಳು ಈಗಲೂ ಕೇಳುತ್ತಾಳಂತೆ.

ಅವರ ತರಗತಿ ಎಂದರೆ ಸಂತೆ. ಇರುವುದು ನಾಲ್ಕು ಕತ್ತರಿ, ಹನ್ನೊಂದು ಬ್ರಶ್ಶು. ಒಬ್ಬಳ ಜಡೆಗೆ ಗೋಂದು, ಇನ್ನೊಬ್ಬನ ಬಾಯಿಗೆ ಬಣ್ಣದ ನೀರು. ಪರೀಕ್ಷೆ ಹತ್ತಿರ ಬಂದರೆ ಗಣಿತದ ಮೇಡಂ ಬಾಗಿಲಲ್ಲಿ ನಿಂತು, "ಪಾಠ ಬಾಕಿ ಇದೆ, ಈ ಪೀರಿಯಡ್ ನನಗೆ ಬಿಡಿ" ಎನ್ನುತ್ತಾರೆ. ಬಿಟ್ಟು ಕಾರಿಡಾರಿನಲ್ಲಿ ನಿಲ್ಲುವುದು ಇವರ ಪಾಲಿಗೆ. ಸಂಬಳ ತೆಗೆದುಕೊಳ್ಳುವವರ ಅವಧಿಯನ್ನು ಹೀಗೆ ಯಾರಾದರೂ ಕಿತ್ತುಕೊಳ್ಳುತ್ತಾರೆಯೇ? ಕೇಳುವಾಗಲೇ ನನಗೆ ಮೈ ಉರಿಯುತ್ತದೆ. ಅವರು ಮಾತ್ರ ದಾರದ ಗಂಟು ಬಿಗಿಯುತ್ತಾರೆ.

ಅವರು ಒಂಬತ್ತು ವರ್ಷದಿಂದ ಕೇಳುತ್ತಿದ್ದದ್ದು ಒಂದೇ, ಮಕ್ಕಳಿಗೆ ಪೂರ್ತಿ ಡ್ರಾಯಿಂಗ್ ಹಾಳೆ. ಪ್ರತಿ ಜೂನ್‌ನಲ್ಲಿ ಅರ್ಜಿ ಬರೆದು ಕಚೇರಿಗೆ ಕೊಟ್ಟಿದ್ದಾರೆ. "ಪಟ್ಟೀಲಿ ಏನು ಬರೀತಾರೆ ಹೇಳಿ? ರೈಲು ಬರುತ್ತೆ, ಏಣಿ ಬರುತ್ತೆ, ಹಾವು ಬರುತ್ತೆ. ಆನೆ ಬರೀರೋ ಅಂದ್ರೆ ಸೊಂಡಿಲು ಬರೆದು ಜಾಗ ಮುಗೀತು ಮಿಸ್ ಅಂತಾರೆ. ಒಂದೇ ಒಂದ್ಸಲ ಕೈ ಬೀಸಿ ಬರೀಲಿ ಅಂತ ನನ್ನಾಸೆ."

ಕಳೆದ ತಿಂಗಳು ಶಾಲೆಗೆ ತಪಾಸಣೆ ಬಂತು. ಹಿಂದಿನ ದಿನ ಹೆಡ್ಮಾಸ್ಟರು ಇವರನ್ನು ಕರೆದು, "ನಾಳೆ ನೀವು ಬರ್ಬೇಡಿ ಮೇಡಂ. ಹೊರಗಿನವರು ಯಾಕಿದ್ದಾರೆ ಅಂತ ಕೇಳಿದ್ರೆ ನಮಗೆ ಕಷ್ಟ" ಎಂದರು. ಇವರು ಹೋಗಲಿಲ್ಲ. ಗೋಡೆಗೆ ಹಚ್ಚಿದ್ದ ಚಿತ್ರಗಳ ಮುಂದೆ ಆಟದ ಮೇಷ್ಟ್ರು ನಿಂತರು. ಕಾಗದ ಯಾಕೆ ಹೀಗೆ ಉದ್ದವಿದೆ ಎಂದು ಅಧಿಕಾರಿ ಕೇಳಿದಾಗ ಮೇಷ್ಟ್ರು ತಬ್ಬಿಬ್ಬಾಗಿ, ಬಾಯಿಗೆ ಬಂದದ್ದು ಹೇಳಿದರು: "ನಮ್ಮದೇ ಹೊಸ ಪದ್ಧತಿ ಸರ್." ಅಧಿಕಾರಿಗೆ ಖುಷಿಯೋ ಖುಷಿ. 'ಪಟ್ಟಿ ಪದ್ಧತಿ' ಮಾದರಿಯೆಂದು ವರದಿಯಲ್ಲಿ ಬರೆದರು. ಮೇಷ್ಟ್ರಿಗೆ ಶಾಲು ಹೊದಿಸಿದರು. ಆ ಪದ್ಧತಿ ಮುಂದುವರಿಸಲೆಂದು ಶಾಲೆಗೆ ಡ್ರಾಯಿಂಗ್ ಹಾಳೆಗಳನ್ನೂ ಮಂಜೂರು ಮಾಡಿದರು.

ಹಾಳೆಗಳೇನೋ ಬಂದವು. ನಿನ್ನೆ ಸಂಜೆ ಅವೆಲ್ಲ ಶಾಲೆಯಿಂದ ಈ ಅಂಗಡಿಗೆ ಬಂದಿವೆ, ಪಟ್ಟಿ ಮಾಡಿಕೊಡಿ ಎಂಬ ಚೀಟಿಯೊಂದಿಗೆ.

"ಹೆಡ್ಮಾಸ್ಟರಿಗೆ ಹೇಳ್ದೆ. ಅದು ಪದ್ಧತಿ ಅಲ್ಲ ಸರ್, ನಮ್ಮ ಹತ್ರ ಹಾಳೆ ಇರ್ಲಿಲ್ಲ ಅಷ್ಟೇ ಅಂದೆ. ಅವರು, ವರದೀಲಿ ಪಟ್ಟಿ ಅಂತ ಇದೆ, ಮತ್ತೆ ತಪಾಸಣೆ ಬಂದ್ರೆ ಪಟ್ಟಿನೇ ಕಾಣ್ಬೇಕು, ನಿಮ್ಮಲ್ಲಿ ಮೆಷಿನ್ ಇದೆಯಲ್ಲ, ನೀಟಾಗಿ ಆಗುತ್ತೆ ಅಂದ್ರು." ಒಲ್ಲೆ ಎನ್ನಬಹುದಿತ್ತಲ್ಲ ಎಂದು ನಾನು ಕೇಳುತ್ತೇನೆ. "ನಾನು ಒಲ್ಲೆ ಅಂದ್ರೆ ಆಟದ ಮೇಷ್ಟ್ರು ಕತ್ತರೀಲಿ ಕತ್ತರಿಸ್ತಾರೆ, ಸೊಟ್ಟಪಟ್ಟ. ನನ್ನ ಕ್ಲಾಸೂ ಹೋಗುತ್ತೆ. ಮಕ್ಕಳಿಗೆ ಹಾಳೆನೂ ಇಲ್ಲ, ನೆಟ್ಟಗಿನ ಪಟ್ಟಿನೂ ಇಲ್ಲ."

ಏಳಕ್ಕೆ ಅಂಗಡಿಯ ಯಜಮಾನರು ಬಂದು ಮೆಷಿನ್ ಹಾಕುತ್ತಾರೆ. "ಅಕ್ಕ, ನಾನು ಕತ್ತರಿಸ್ಲಾ? ನೀವು ಆಚೆ ಹೋಗಿ" ಎಂದು ಮೆಲ್ಲಗೆ ಕೇಳುತ್ತಾರೆ. ಇವರು ಬೇಡವೆಂದು ತಲೆಯಾಡಿಸಿ ತಾವೇ ಹಾಳೆಗಳ ಕಟ್ಟು ಬಿಚ್ಚುತ್ತಾರೆ. ಮೇಲಿನ ಹಾಳೆಯ ಮೇಲೆ ಅಂಗೈ ಅಗಲಿಸಿ ಒಮ್ಮೆ ಸವರುತ್ತಾರೆ. ದಪ್ಪ, ಬಿಳಿ, ಮಗುವಿನ ತೋಳು ಅಗಲಿಸಿದಷ್ಟು ಹಾಳೆ. ಅಳತೆ ಇಟ್ಟು, ಅಂಚು ತಟ್ಟಿ, ಬ್ಲೇಡ್ ಇಳಿಸುತ್ತಾರೆ. ಅರ್ಧ ಗಂಟೆಯಲ್ಲಿ ಒಂದು ಹಾಳೆಯೂ ಉಳಿಯುವುದಿಲ್ಲ.

"ಒಂದನ್ನಾದರೂ ತೆಗೆದಿಡಬಾರದಿತ್ತೇ?" ಎನ್ನುತ್ತೇನೆ, ತಡೆಯಲಾರದೆ.

"ನೂರಹನ್ನೆರಡು ಮಕ್ಕಳಲ್ಲಿ ಅದನ್ನ ಯಾರಿಗೆ ಕೊಡ್ಲಿ?" ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಒಂದು ಹಿಡಿ ಪಟ್ಟಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. "ನೋಡಿ, ಕೂದಲೆಳೆಯಷ್ಟೂ ಸೊಟ್ಟ ಹೋಗಿಲ್ಲ."