ಎರೆ ಹೊಲ ನುಂಗಿದ ಫೋಟೋ

ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಯಾರಾದರೂ ದೆವ್ವ ಕಂಡೆನೆಂದರೆ "ಮೊದಲು ಕಣ್ಣು ತೋರಿಸ್ಕೋರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ದೆವ್ವವನ್ನು ನಂಬುವುದಿಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಭಾನುವಾರ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಭೀಮಾ ನದಿಯ ದಂಡೆಗುಂಟ ನಡೆಯುವುದು ನನ್ನ ಹುಚ್ಚು. ಜೊತೆಗೆ ನಮ್ಮ ಶಾಲೆಯ ಉರ್ದು ಟೀಚರ್ ರಜಿಯಾ. ಹಕ್ಕಿಗಳು ನನಗಿಂತ ಮೊದಲು ಅವಳಿಗೇ ಕಾಣುತ್ತಿದ್ದವು. ತನ್ನತ್ತ ಲೆನ್ಸ್ ತಿರುಗಿದರೆ ಮಾತ್ರ ಸೆರಗು ಅಡ್ಡ ಬರುತ್ತಿತ್ತು. "ನಂದ್ಯಾಕ ತೆಗೀತೀರಿ ಅಕ್ಕಾ? ನಮ್ಮ ತವರು ಖಜೂರಿಗೆ ಬರ್ರಿ, ಎಂಥೆಂಥಾ ಹಕ್ಕಿ ಅವ, ತೋರಸ್ತೇನಿ" ಎನ್ನುತ್ತಿದ್ದಳು.

ಎರಡು ವರ್ಷದ ಹಿಂದಿನ ಬೇಸಿಗೆ. ಕೊಳಕೂರ ಕಡೆಯ, ಕರಿ ಮಣ್ಣು ಬಿರಿದ ಎರೆ ಹೊಲದಲ್ಲಿ ಟಿಟ್ಟಿಭ ಹಕ್ಕಿಯೊಂದು ಮೊಟ್ಟೆ ಕಾಯುತ್ತಿತ್ತು. ಹತ್ತಿರ ಹೋದದ್ದು ನನ್ನದೇ ತಪ್ಪು. ಅದು ಚೀರುತ್ತ ತಲೆಯ ಮೇಲೆರಗಿತು, ನಾನು ಅಂಗಾತ ಬಿದ್ದೆ. ರಜಿಯಾ ಸೆರಗಿನ ನೆನಪಿಲ್ಲದೆ ನಕ್ಕಳು. ಬಿದ್ದಲ್ಲಿಂದಲೇ ಆ ನಗುವನ್ನು ತೆಗೆದೆ.

ಅಷ್ಟಕ್ಕೇ ಮೆಮೊರಿ ಕಾರ್ಡು ತುಂಬಿತು. ಬದಲಿಸುವಾಗ ಕೈ ಜಾರಿ ಅದು ನೆಲದ ಬಿರುಕಿಗೆ ಬಿತ್ತು. ಗುರುತಿಗೆಂದು ರಜಿಯಾಳೇ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದ ಕಾರ್ಡು. ಮೊಣಕೈವರೆಗೆ ಕೈ ಹಾಕಿದೆವು, ತೊಗರಿ ಕಟ್ಟಿಗೆ ಆಡಿಸಿದೆವು. ಸಿಗಲಿಲ್ಲ.

"ಹೋಗ್ಲಿ ಬಿಡ್ರಿ ಅಕ್ಕಾ. ಎರಿ ನುಂಗಿದ್ದು ಮಳಿ ಆದ ಮ್ಯಾಲ ಬರ್ತದ" ಎಂದಳು.

ಮಳೆಗಾಲದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಅವಳು ತೀರಿಕೊಂಡಳು. ಬಹಳ ಅತ್ತೆ.

ದಸರೆ ಕಳೆದ ಮೇಲೆ, ಬಸ್ಸಿನಲ್ಲಿ ಮೂರು ತಾಸು ದೂರದ ಖಜೂರಿಗೆ ಹೋಗಿ ಅವಳ ತಾಯಿಯನ್ನು ಕಂಡೆ. "ಆಧಾರ್ ಕಾರ್ಡಿನ್ಯಾಗ ನನ್ ಬೇಟಿ ನನ್ ಬೇಟಿ ಹಂಗ ಇಲ್ರಿ. ನಗೋದೊಂದು ಫೋಟೋ ನಿಮ್ಮ ಹತ್ರ ಅದ ಏನ್ರಿ?" ಎಂದು ಕೇಳಿದರು. ತೆಗೆದಿದ್ದೆ, ಕಳೆದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಹಕ್ಕಿ ನೋಡಿ ಬರುತ್ತೇನೆಂದು ಊರಾಚೆಗೆ ಹೋದೆ.

ಕಲ್ಲುಹರಳಿನ ಗರಸು ನೆಲ, ಕುರುಚಲು ಗಿಡ, ಎರೆಮಣ್ಣಿನ ಸುಳಿವಿಲ್ಲ. ಹಿಂದೆಂದೂ ಕಾಲಿಟ್ಟ ಜಾಗವಲ್ಲ. ಕಲ್ಲಿನ ಮೇಲೆ ಕೂತು ಬಗ್ಗಿದರೆ ಕಾಲ ಬಳಿ ಒಂದು ಕಾರ್ಡು, ಅಂಚಿಗೆ ಒಣಗಿದ ಕರಿ ಮಣ್ಣು. ಉಗುರಿನಿಂದ ಕೆರೆದೆ. ಕೆಂಪು ಚುಕ್ಕೆ. ಕ್ಯಾಮೆರಾಕ್ಕೆ ಹಾಕಿದೆ. ರಜಿಯಾ ನಗುತ್ತಿದ್ದಳು.

ಬ್ಯಾಗಿನ ಮಡಿಕೆಯಲ್ಲಿದ್ದದ್ದು ಬಿದ್ದಿರಬೇಕು ಎನ್ನುತ್ತಾರೆ ನನ್ನ ಯಜಮಾನರು. ಆ ಬ್ಯಾಗು ದಸರೆಗೆ ಕೊಂಡದ್ದು. ಕಾರ್ಡು ಬಿರುಕಿಗೆ ಬಿದ್ದದ್ದನ್ನು ನಾವಿಬ್ಬರೂ ಕಣ್ಣಾರೆ ಕಂಡಿದ್ದೆವು. ಎರೆಮಣ್ಣು ಒಳಗಿನದನ್ನು ಮೇಲಕ್ಕೆ ತರುತ್ತದೆಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಆದರೆ ಕೊಳಕೂರಿನದನ್ನು ಖಜೂರಿಯಲ್ಲಿ ತರುವ ಮಣ್ಣು ಯಾವ ಪಾಠದಲ್ಲೂ ಇಲ್ಲ.

ಫೋಟೋ ಈಗ ಅವಳ ತಾಯಿಯ ಮನೆಯ ಗೋಡೆಯ ಮೇಲಿದೆ. ಮಳೆಯಾದ ಮೇಲೆ ಬರುತ್ತದೆ ಎಂದು ರಜಿಯಾ ಹೇಳಿದ್ದಳು. ಎಲ್ಲಿಗೆ ಎಂದು ನಾನು ಕೇಳಿರಲಿಲ್ಲ.