ಬಣ್ಣ ಅಳಿಯದ ಫ್ಯಾನು

ಗೇಣಕ್ಕ ಎಂಬ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಇಪ್ಪತ್ತು ವರ್ಷ ಗಂಡನ ದೋಣಿಯ ಮುಂತುದಿಯಲ್ಲಿ ನಿಂತು, ಉದ್ದನೆಯ ಬಿದಿರಿನ ಗಳವನ್ನು ನೀರಿಗಿಳಿಸಿ, "ಇಲ್ಲಿ ಮೂರು ಗೇಣು, ಅಲ್ಲಿ ಎರಡೇ ಗೇಣು" ಎಂದು ಕೂಗುತ್ತಾ ಬಂದವಳು. ಹಿಂತುದಿಯಲ್ಲಿ ಎಂಜಿನ್ ಹಿಡಿಯುತ್ತಿದ್ದವನು ಗಂಡ. ಹೋದ ವರ್ಷ ಅವನ ಕೈಗೆ ನಡುಕ ಹತ್ತಿತು. ಚಹಾದ ಲೋಟವೇ ನಿಲ್ಲದ ಕೈಯಲ್ಲಿ ಎಂಜಿನ್ ನಿಂತೀತೇ? ದೋಣಿ ಕಡಲಿಗಿಳಿಯದೆ, ದೋಣಿಗಳನ್ನು ಕಟ್ಟುವ ದಕ್ಕೆಯಲ್ಲೇ ಉಳಿಯಿತು.

"ಮಾರ್ಬಿಡಿ ಅದನ್ನ," ಎಂದರು ಭಾವ. ಗಂಡನ ಅಣ್ಣ, ಸಾಲದ್ದಕ್ಕೆ ಮೀನುಗಾರರ ಸಂಘದ ಅಧ್ಯಕ್ಷರು. ಓಡಿಸದ ದೋಣಿಗೆ ದಕ್ಕೆಯಲ್ಲಿ ಜಾಗವಿಲ್ಲ ಎಂಬುದು ಸಂಘದ ನಿಯಮ.

"ನಾನು ಓಡಿಸ್ತೀನಿ ಭಾವ."

"ಗಳ ಹಿಡಿದಷ್ಟು ಸುಲಭ ಅಲ್ಲಮ್ಮ ಅದು. ಆಯ್ತು, ಬಣ್ಣ ಹಚ್ಚಿಸು, ನೋಡೇಬಿಡೋಣ. ಉಜ್ಜಿದ್ರೆ ದೋಣಿ ಮಾರ್ಬೇಕು."

ಬಣ್ಣ ಹಚ್ಚುವುದು ಆ ದಕ್ಕೆಯವರ ಪರೀಕ್ಷೆ. ಹೊಸಬರು ಎಂಜಿನ್ ಹಿಡಿಯುವ ಮುನ್ನಾದಿನ, ಅದರ ಬುಡದಲ್ಲಿ ನೀರಿನೊಳಗೆ ತಿರುಗುವ ಫ್ಯಾನಿನ ಮೂರು ರೆಕ್ಕೆಗಳ ತುದಿಗೂ ಕೆಂಪು ಬಳಿಯುತ್ತಾರೆ. ಕಡಲ ನೀರು ಇಳಿಯುವ ಹೊತ್ತಿನಲ್ಲಿ, ಅಡಿಯಲ್ಲಿರುವ ಮರಳದಿಬ್ಬ ದಾಟಿ, ಬಲೆ ಎಳೆದು ಬರಬೇಕು. ಫ್ಯಾನು ಒಮ್ಮೆ ನೆಲಕ್ಕೆ ಉಜ್ಜಿದರೂ ಬಣ್ಣ ಕಿತ್ತುಹೋಗಿ ಚಾಡಿ ಹೇಳುತ್ತದೆ. ಭಾವನವರ ಫ್ಯಾನಿನಲ್ಲಿ ಬಣ್ಣ ಹಾಗಿರಲಿ, ರೆಕ್ಕೆಯ ಅಂಚೂ ನೆಟ್ಟಗಿರಲಿಲ್ಲ. ಕೇಳಿದರೆ ದಿಬ್ಬವೇ ಜಾಗ ಬದಲಾಯಿಸಿದೆ ಎನ್ನುತ್ತಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು. ಇವರಿಗೆ ನೀರಿನಡಿಯ ನೆಲವೂ ಡೊಂಕು!

ನಡುಗುವ ಕೈಯಲ್ಲೇ ಗಂಡ ಬಣ್ಣ ಹಚ್ಚಿದ. ಅರ್ಧ ರೆಕ್ಕೆಗೆ, ಅರ್ಧ ತನ್ನ ಮೊಣಕಾಲಿಗೆ.

ಮರುದಿನ ಬೆಳಿಗ್ಗೆ ಗೇಣಕ್ಕ ಬಚ್ಚಲ ಕೆಲಸದಲ್ಲಿ ಮಿಕ್ಕಿದ್ದ ಪ್ಲಾಸ್ಟಿಕ್ ಪೈಪೊಂದನ್ನು ತಂದು ಎಂಜಿನ್ನಿನ ಹಿಡಿಗೆ ಬಿಗಿದಳು.

"ಏನಕ್ಕ, ಬಚ್ಚಲನ್ನೇ ಕಿತ್ಕೊಂಡು ಬಂದ್ಯಾ?" ಎಂದು ದಕ್ಕೆಯವರು ನಕ್ಕರು. ನಗಲಿ ಎಂದು ಬಿಟ್ಟಳು. ಎಂಜಿನ್ ಹಿಡಿದವರೆಲ್ಲ ಅದರ ಪಕ್ಕದಲ್ಲೇ ಕೂರುತ್ತಾರೆ. ಭಾರಕ್ಕೆ ಹಿಂಭಾಗ ಕುಗ್ಗಿ ಫ್ಯಾನು ಮರಳು ತೋಡುತ್ತದೆ. ಇಪ್ಪತ್ತು ವರ್ಷ ಇದನ್ನೇ ನೋಡಿದ್ದಳು. ಪೈಪಿದ್ದರೆ ನಡುವಿನಲ್ಲಿ ನಿಂತೇ ಓಡಿಸಬಹುದು.

ಹೋಗುವಾಗ ತೊಂದರೆಯಾಗಲಿಲ್ಲ. ಆದರೆ ಬಲೆ ತುಂಬಿ ಬಂತು, ಎಳೆಯುವಷ್ಟರಲ್ಲಿ ನೀರು ಇನ್ನೂ ಇಳಿದಿತ್ತು. ದಿಬ್ಬದ ಮೇಲೆ ಎರಡು ಗೇಣು ನೀರಿದ್ದರೆ ಹೆಚ್ಚು. ಪರೀಕ್ಷಕರಾಗಿ ಬಂದಿದ್ದ ಭಾವ ಅಭ್ಯಾಸಬಲದಿಂದ ಎಂಜಿನ್ ಪಕ್ಕದಲ್ಲೇ ಆಸೀನರಾಗಿದ್ದರು. ಒಳ್ಳೆ ಮೈಕಟ್ಟಿನ ಆಸಾಮಿ.

"ಭಾವ, ಬುಟ್ಟಿ ತಗೊಂಡು ಮುಂದೆ ಹೋಗಿ ಕೂತ್ಕೊಳ್ಳಿ."

"ನಾನಾ? ಮೂವತ್ತು ವರ್ಷದಿಂದ ಎಂಜಿನ್ ಪಕ್ಕ ಬಿಟ್ಟು ಕೂತವನಲ್ಲ ನಾನು."

"ಅದಕ್ಕೇ ಹೇಳ್ತಿರೋದು."

ಅಧ್ಯಕ್ಷರು ಗೊಣಗುತ್ತಾ ಹೋಗಿ, ಮೀನಿನ ಬುಟ್ಟಿ ತಬ್ಬಿಕೊಂಡು ಕೂತರು. ದೋಣಿಯ ಹಿಂಭಾಗ ಮೇಲೆದ್ದಿತು. ಗೇಣಕ್ಕ ಎಂಜಿನ್ನನ್ನು ತುಸು ಎತ್ತಿ ಕಟ್ಟಿ, ವೇಗ ತಗ್ಗಿಸಿ, ನೀರು ಆಳವಾಗಿ ಕಪ್ಪಗೆ ಕಂಡ ಕಡೆಯನ್ನು ಹುಡುಕಿಕೊಂಡು ಹೊರಟಳು. "ಎರಡು ಗೇಣು," ಎಂದು ಬಾಯಿ ತಾನಾಗಿ ಅಂದಿತು. ಈಗ ಹೇಳುವವಳೂ ಅವಳೇ, ತಿರುಗಿಸುವವಳೂ ಅವಳೇ. ಇಷ್ಟು ಖುಷಿ ಈ ಕೆಲಸದಲ್ಲಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ದಕ್ಕೆಯಲ್ಲಿ ಗಂಡ ಕಾಯುತ್ತಿದ್ದ. ಅವಳು ಎಂಜಿನ್ ಎತ್ತಿದಳು. ಮೂರು ತುದಿಗಳೂ ಕೆಂಪಗಿದ್ದವು. ಅವನ ಕೈ ನಡುಗಿ ಮೂಡಿದ ಅಂಕುಡೊಂಕು ಗೆರೆಯೂ ಹಾಗೇ ಇತ್ತು. "ನನ್ನ ಕೈಲೂ ಇಷ್ಟು ಚೆನ್ನಾಗಿ ಆಗಿರ್ಲಿಲ್ಲ ಕಣೇ," ಎಂದು ಅವನು ಎಲ್ಲರೆದುರೇ ಕಣ್ಣೊರೆಸಿಕೊಂಡ.

ಭಾವ ಬಗ್ಗಿ, ಬೆರಳಿಂದ ರೆಕ್ಕೆಗಳನ್ನು ಒಂದೊಂದಾಗಿ ಸವರಿ ನೋಡಿದರು. ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಜಾಗ ನಿಮ್ದೇ. ಅಂದ ಹಾಗೆ... ಆ ಪೈಪು ಎಷ್ಟುದ್ದ ಇದೆ?"

"ಏಳು ಗೇಣು. ನಾಳೆ ಒಂದು ಪೈಪ್ ತಗೊಂಡು ಬನ್ನಿ ಭಾವ," ಎಂದಳು ಗೇಣಕ್ಕ. "ಬಣ್ಣ ನಮ್ಮನೇಲಿ ಮಿಕ್ಕಿದೆ."